ನಾಟಿ ಎಂಬ ಹೆಸರು: ಕೋಳಿಯ ತಳಿ ಮತ್ತು ಮಾತಿನ ಪ್ರಾಮಾಣ್ಯ

ಕಣ್ಣಿನಿಂದ ನಿರ್ಣಯಿಸಲಾಗದ ವಸ್ತುವೊಂದನ್ನು ಅದರ ಹೆಸರನ್ನಷ್ಟೇ ನಂಬಿ ಕೊಳ್ಳಬೇಕಾಗಿ ಬಂದಾಗ ಆ ಹೆಸರನ್ನು ಹೇಳಿದವನ ಮಾತಿಗೆ ಎಂಥ ಪ್ರಾಮಾಣ್ಯವಿದೆ, ಆ ಮಾತು ಸುಳ್ಳಾದಾಗ ನಿಜವಾಗಿ ಕೆಡುವುದು ಏನು ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿದ ಪ್ರಶ್ನೆ. ಪ್ರಾಮಾಣ್ಯವೆಂದರೆ ಒಂದು ಅರಿವು ನಿಜವಾದ ಅರಿವೆನಿಸಿಕೊಳ್ಳುವ ಯೋಗ್ಯತೆ. ವೇದವಾಕ್ಯ, ಸ್ವರ್ಗ, ಆತ್ಮ ಮುಂತಾದ ದೊಡ್ಡ ವಿಷಯಗಳನ್ನು ಮುಂದಿಟ್ಟುಕೊಂಡು ನಡೆದ ಆ ಚರ್ಚೆಯು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಗಳಲ್ಲಿ ಇಂದು ಒಂದು ದಿನದ ಕೋಳಿಮರಿಯ ಮುಂದೆ ಬಂದು ನಿಂತಿದೆ. ಕೋಳಿಯ ವಿಷಯ ಅಲ್ಪವೆಂದು ಕಾಣಬಹುದು. ಆದರೆ ನಾಲ್ಕೈದು ಕೋಳಿಗಳ ಮೊಟ್ಟೆಯಿಂದ ಮನೆಯ ಸಣ್ಣ ಖರ್ಚು ತೂಗಿಸುವ ಹೆಂಗಸಿಗೆ, ಊರ ದೇವತೆಗೆ ಹುಂಜವೊಂದನ್ನು ಹರಕೆ ಹೊತ್ತ ಕುಟುಂಬಕ್ಕೆ ಅದು ಅಲ್ಪವಲ್ಲ.

ಈ ಸೀಮೆಯ ಸಂತೆಗಳಲ್ಲಿ, ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಊರೂರು ಸುತ್ತಿ ಮರಿ ಮಾರುವವರ ಬಾಯಲ್ಲಿ, ಹ್ಯಾಚರಿಗಳ ಜಾಹೀರಾತಿನಲ್ಲಿ ಕೇಳಿಬರುವ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಅವು ಒಂದೇ ಬಗೆಯ ಹೆಸರುಗಳಲ್ಲವೆಂಬುದು ಮೊದಲು ತಿಳಿಯುತ್ತದೆ. ಅಸೀಲ್ ಎಂಬುದು ಕಾಳಗಕ್ಕೆಂದು ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿಯ ಹೆಸರು. ಕಡಕ್‌ನಾಥ್ ಎಂಬುದು ಮಧ್ಯಪ್ರದೇಶದ ಝಾಬುವಾ ಸೀಮೆಯ, ಮಾಂಸವೂ ಕಪ್ಪಗಿರುವ ತಳಿಯ ಹೆಸರು. 2018ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಇಂಥ ಪ್ರದೇಶದ್ದೆಂಬ ಕಾನೂನುಬದ್ಧ ಗುರುತು, ದೊರೆಯಿತು. ಗಿರಿರಾಜ ಎಂಬುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಲವು ತಳಿಗಳನ್ನು ಕೂಡಿಸಿ ರೂಪಿಸಿ, 1989ರಲ್ಲಿ ರೈತರಿಗೆ ನೀಡಿದ ಕೋಳಿ. ಸ್ವರ್ಣಧಾರ ಅದರ ನಂತರ, 2005ರಲ್ಲಿ ಬಂದದ್ದು. ಇವೆರಡೂ ಹಿತ್ತಲಲ್ಲಿ ಮೇಯ್ದು ಬದುಕುವಂತೆ, ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಕೊಡುವಂತೆ ಬುದ್ಧಿಪೂರ್ವಕವಾಗಿ ಮಾಡಿದ ಕೂಟಗಳೇ ಹೊರತು ಊರಿನಲ್ಲಿ ತಾವಾಗಿ ಉಳಿದುಬಂದ ತಳಿಗಳಲ್ಲ. ‘ನಾಟಿ ಕ್ರಾಸ್’ ಎಂಬ ಹೆಸರಂತೂ ತಂದೆತಾಯಿಗಳಲ್ಲಿ ಒಂದು ಪಕ್ಷವನ್ನು ಮಾತ್ರ ಹೇಳಿ, ಇನ್ನೊಂದು ಪಕ್ಷದ ಬಗ್ಗೆ ಮೌನವಾಗುತ್ತದೆ. ಇವೆಲ್ಲದರ ಮಧ್ಯೆ, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ, ಎಲ್ಲಕ್ಕಿಂತ ಹೆಚ್ಚು ಬೆಲೆ ತರುವ ‘ನಾಟಿ’ ಎಂಬ ಹೆಸರು ಯಾವ ತಳಿಯನ್ನೂ ಹೇಳುವುದಿಲ್ಲ.

ಹಾಗಾದರೆ ಆ ಮಾತು ಹೇಳುವುದೇನು? ಸುಮಾರು ಐದು-ಆರನೇ ಶತಮಾನದ ಬೌದ್ಧ ತಾರ್ಕಿಕ ದಿಙ್ನಾಗನು ಪದವೊಂದು ತನ್ನ ವಸ್ತುವನ್ನು ನೇರವಾಗಿ ಮುಟ್ಟುವುದಿಲ್ಲ, ತನ್ನದಲ್ಲದ್ದನ್ನು ಹೊರಗೆ ದಬ್ಬುವ ಮೂಲಕವೇ ಅರ್ಥ ಕೊಡುತ್ತದೆ ಎಂದು ವಾದಿಸಿದನು. ಹಸು ಎಂದರೆ ಹಸುವಲ್ಲದ್ದು ಅಲ್ಲ ಎಂದಷ್ಟೇ ಅರ್ಥ. ಈ ಹೊರದಬ್ಬುವಿಕೆಗೆ ಅಪೋಹವೆಂದು ಹೆಸರು. ಎಲ್ಲ ಪದಗಳಿಗೂ ಈ ವಾದ ಸಲ್ಲುತ್ತದೆಯೋ ಇಲ್ಲವೋ, ‘ನಾಟಿ’ ಎಂಬ ಪದಕ್ಕಂತೂ ಅಚ್ಚುಕಟ್ಟಾಗಿ ಸಲ್ಲುತ್ತದೆ. ಬಾಯ್ಲರ್ ಕೋಳಿ, ಅಂದರೆ ಮಾಂಸಕ್ಕೆಂದೇ ಶೆಡ್ಡಿನಲ್ಲಿ ಸುಮಾರು 40 ದಿನ ಬೆಳೆಸಿ ಮಾರುವ ಬಿಳಿ ಕೋಳಿ, ಊರಿಗೆ ಬರುವ ಮೊದಲು ಹಳ್ಳಿಯಲ್ಲಿದ್ದದ್ದು ಬರೀ ಕೋಳಿ. ಅದಕ್ಕೆ ವಿಶೇಷಣ ಬೇಕಿರಲಿಲ್ಲ. ಹುಂಜವನ್ನು, ಹೇಂಟೆಯನ್ನು, ಇನ್ನೂ ಮೊಟ್ಟೆಯಿಡದ ಯಾಟೆಯನ್ನು ಬಣ್ಣದಿಂದಲೋ ಜುಟ್ಟಿನಿಂದಲೋ ಬೋಳುಕತ್ತಿನಿಂದಲೋ ಗುರುತಿಸುತ್ತಿದ್ದರು. ತೆಲುಗು ಮಾತು ಬೆರೆತ ಈ ಗಡಿಸೀಮೆಯ ಪಕ್ಕದ ಆಂಧ್ರದಲ್ಲಿ ಕಾಳಗದ ಹುಂಜಗಳಿಗೆ ಕಾಕಿ, ಡೇಗ, ನೆಮಲಿ ಎಂದು ಬಣ್ಣದ ಮೇಲೆ ಹೆಸರಿಟ್ಟು, ಯಾವ ಬಣ್ಣದ್ದು ಯಾವ ದಿನ ಗೆಲ್ಲುತ್ತದೆಂದು ಲೆಕ್ಕ ಹೇಳುವ ಕುಕ್ಕುಟ ಶಾಸ್ತ್ರವೇ ಬೆಳೆದಿದೆ. ಫಾರಂ ಕೋಳಿ ಬಂದ ಮೇಲೆ, ‘ಫಾರಮ್ಮಿನದಲ್ಲದ್ದು’ ಎಂದು ಹೇಳಲು ನಾಟಿ ಎಂಬ ವಿಶೇಷಣ ಮುಂದೆ ಬಂದಿತು. ಎರಡೇ ಬಗೆ ಇದ್ದಷ್ಟು ದಿನ ಈ ಹೊರದಬ್ಬುವಿಕೆ ಚೆನ್ನಾಗಿ ಕೆಲಸ ಮಾಡಿತು: ಬಿಳಿಯದಲ್ಲದ್ದು, ಶೆಡ್ಡಿನದಲ್ಲದ್ದು, ಬೇಗ ಬೆಳೆಯದ್ದು ನಾಟಿ. ಫಾರಮ್ಮಿನದಲ್ಲದ, ಆದರೆ ಊರಿನದೂ ಅಲ್ಲದ ಮೂರನೆಯ ಬಗೆಯೊಂದು ಹ್ಯಾಚರಿಯಿಂದ ಬಂದ ದಿನ ಆ ಪದದ ಬೇಲಿ ಮುರಿಯಿತು. ಬಣ್ಣಬಣ್ಣದ ಗರಿಯ ಗಿರಿರಾಜವು ಬಿಳಿಯದೂ ಅಲ್ಲ, ಶೆಡ್ಡಿನದೂ ಅಲ್ಲ. ಆದ್ದರಿಂದ ನಾಟಿ ಎಂದು ಕರೆದರೆ ಪದದ ಹಳೆಯ ನಿಯಮ ಅದನ್ನು ತಡೆಯಲಾರದು. ಮಾರುವವರ ಮೋಸಕ್ಕೆ ಮೊದಲೇ ಭಾಷೆಯೊಳಗೇ ಒಂದು ಸಡಿಲ ಇತ್ತೆಂಬುದನ್ನು ಒಪ್ಪಿಕೊಳ್ಳದೆ ಈ ವಿಚಾರ ಮುಂದೆ ಸಾಗದು.

ಇದರಲ್ಲೊಂದು ವಿಷಾದವೂ ಇದೆ. ದೇಶದ ಪಶುತಳಿಗಳನ್ನು ನೋಂದಾಯಿಸುವ, ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ಘಾಗಸ್ ಎಂಬ ಕೋಳಿ ತಳಿಯೊಂದು ಕರ್ನಾಟಕ ಮತ್ತು ಆಂಧ್ರಪ್ರದೇಶದ ಹೆಸರಿನಲ್ಲಿ ದಾಖಲಾಗಿದೆ; ಅದರ ನೆಲೆಯೆಂದು ಹೇಳುವುದು ಹಳೆಯ ಕೋಲಾರ ಜಿಲ್ಲೆಯನ್ನೂ ಅದಕ್ಕೆ ಹೊಂದಿಕೊಂಡ ಚಿತ್ತೂರು, ಅನಂತಪುರ ಸೀಮೆಗಳನ್ನೂ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅಂದರೆ ಈ ಮಣ್ಣಿಗೆ ತನ್ನದೇ ಎನ್ನಬಹುದಾದ ಹೆಸರುಳ್ಳ ತಳಿಯೊಂದು ಇದ್ದೂ, ಸಂತೆಯಲ್ಲಿ ಓಡುವುದು ಝಾಬುವಾದ ಹೆಸರು, ಕಾಳಗದ ಕೋಳಿಯ ಹೆಸರು, ಇಲ್ಲವೇ ಏನನ್ನೂ ಹೇಳದ ನಾಟಿ ಎಂಬ ಹೆಸರು.

ಕೊಳ್ಳುವವರು ಮಾತನ್ನಷ್ಟೇ ನಂಬುತ್ತಾರೆಂದಲ್ಲ. ಅವರೂ ಪರೀಕ್ಷೆ ಮಾಡುತ್ತಾರೆ. ಗರಿ ಕೆಂಪಗಿದೆಯೇ, ಮೊಟ್ಟೆಯ ಚಿಪ್ಪು ಕಂದು ಬಣ್ಣದ್ದೇ, ಗರಿ ತರಿದು ಸುಟ್ಟ ಮೇಲೆ ಚರ್ಮ ಹಳದಿಯೇ ಎಂದು ನೋಡುತ್ತಾರೆ. ತರ್ಕಶಾಸ್ತ್ರದಲ್ಲಿ ಹೇತು ಎಂದರೆ ಒಂದನ್ನು ಕಂಡು ಕಾಣದ ಇನ್ನೊಂದನ್ನು ಊಹಿಸಲು ಆಧಾರವಾಗುವ ಗುರುತು. ಹೊಗೆಯು ಬೆಂಕಿಗೆ ಹೇತುವಾಗುವುದು ಬೆಂಕಿಯಿಲ್ಲದ ಕಡೆ ಹೊಗೆ ಇಲ್ಲದಿರುವುದರಿಂದ. ಗುರುತು ಇದ್ದೂ ವಸ್ತು ಇಲ್ಲದಿರುವ ಒಂದೇ ಒಂದು ನಿದರ್ಶನ ಸಿಕ್ಕರೂ ಆ ಹೇತು ವ್ಯಭಿಚಾರಿ, ಅಂದರೆ ನಿಷ್ಠೆಗೆಟ್ಟದ್ದು. ಕೋಳಿಯ ವಿಷಯದಲ್ಲಿ ರೂಢಿಯಲ್ಲಿರುವ ಹೇತುಗಳು ಬಹುಪಾಲು ಹೀಗೆ ನಿಷ್ಠೆಗೆಟ್ಟವು. ಕಂದು ಮೊಟ್ಟೆಯನ್ನು ಪಂಜರದಲ್ಲಿಟ್ಟು ಸಾಕುವ ಲೇಯರ್ ಕೋಳಿಗಳೂ ಇಡುತ್ತವೆ, ಏಕೆಂದರೆ ಚಿಪ್ಪಿನ ಬಣ್ಣ ಹುಟ್ಟಿನಿಂದ ಬಂದದ್ದೇ ಹೊರತು ಮೇವಿನಿಂದಲೋ ಹಿತ್ತಲ ಗಾಳಿಯಿಂದಲೋ ಬಂದದ್ದಲ್ಲ. ಕಡಕ್‌ನಾಥಿನ ಕಪ್ಪು ಗುಣ ಪ್ರಬಲ ಸ್ವಭಾವದ್ದಾದ್ದರಿಂದ, ಬೇರೆ ಕೋಳಿಯೊಡನೆ ಕೂಡಿ ಹುಟ್ಟಿದ ಮರಿಗಳಲ್ಲೂ ಚರ್ಮ, ಮಾಂಸ ಕಪ್ಪಾಗಬಹುದು. ಕಪ್ಪು ಮಾಂಸವು ಕಡಕ್‌ನಾಥಿನ ಅಂಶವಿದೆ ಎಂದು ಹೇಳೀತೇ ಹೊರತು ಅಷ್ಟೂ ಅದೇ ಎಂದು ಹೇಳಲಾರದು.

ಮರಿಯ ವಿಷಯಕ್ಕೆ ಬಂದರೆ ಈ ದುರ್ಬಲ ಹೇತುಗಳೂ ಇಲ್ಲವಾಗುತ್ತವೆ. 21 ದಿನ ಕಾವುಪೆಟ್ಟಿಗೆಯಲ್ಲಿದ್ದು ಚಿಪ್ಪೊಡೆದು ಹೊರಬಂದ ಮರಿ ಅಂಗೈಯಲ್ಲಿ ಹಿಡಿಸುವ ಹಳದಿ ತುಪ್ಪುಳಿನ ಒಂದು ಉಂಡೆ. ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯಲು ನೆರವಾದ ಬಿಳಿಯ ಚುಕ್ಕಿಯಂಥ ಹಲ್ಲು ಇನ್ನೂ ಉದುರಿರುವುದಿಲ್ಲ, ಅದರ ಬೆನ್ನ ಮೇಲೆ ಒಂದೋ ಎರಡೋ ಕಂದು ಗೆರೆ ಇದ್ದೀತು, ಇಲ್ಲದಿದ್ದೀತು. ಪದವೊಂದರ ಅರ್ಥವನ್ನು ನ್ಯಾಯಸೂತ್ರಕಾರ ಗೌತಮನು ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರರಲ್ಲಿ ಹುಡುಕುತ್ತಾನೆ: ವ್ಯಕ್ತಿಯೆಂದರೆ ಕಣ್ಣ ಮುಂದಿನ ಈ ಒಂದು ಪ್ರಾಣಿ, ಆಕೃತಿಯೆಂದರೆ ಅದರ ಅಂಗಾಂಗಗಳ ಜೋಡಣೆ, ಜಾತಿಯೆಂದರೆ ಅಂಥ ಎಲ್ಲ ಪ್ರಾಣಿಗಳಲ್ಲೂ ಒಂದಾಗಿ ಇರುವ ಸಾಮಾನ್ಯ ಧರ್ಮ. ಕೊಳ್ಳುವವಳು ಹಣ ಕೊಡುವುದು ಜಾತಿಗೆ, ಅವಳ ಕೈಗೆ ಬರುವುದು ವ್ಯಕ್ತಿ, ಇವೆರಡನ್ನೂ ಬೆಸೆಯಬೇಕಾದ ಆಕೃತಿ ಆ ವಯಸ್ಸಿನಲ್ಲಿ ಇನ್ನೂ ಮೂಡಿಯೇ ಇಲ್ಲ. ಈ ಬಿರುಕಿನಲ್ಲಿಯೇ ವಂಚನೆಗೆ ಜಾಗ ಸಿಗುವುದು. ಮೊಟ್ಟೆಯ ಉದ್ಯಮಕ್ಕೆಂದು ಮರಿ ಮಾಡಿಸುವ ಹ್ಯಾಚರಿಗಳಲ್ಲಿ ಹುಟ್ಟುವ ಮರಿಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡು. ಅವು ಮೊಟ್ಟೆಯಿಡವು, ಬಾಯ್ಲರಿನಂತೆ ಬೇಗ ತೂಕ ಬೀಳವು, ಆದ್ದರಿಂದ ಆ ಉದ್ಯಮಕ್ಕೆ ಬೇಡವಾದವು. ಅಂಥ ಮರಿಗಳನ್ನು ಕವಡೆ ಕಾಸಿಗೆ ಕೊಂಡು, ಕೆಲವೊಮ್ಮೆ ಗುಲಾಬಿ, ಹಸಿರು ಬಣ್ಣದಲ್ಲಿ ಅದ್ದಿ ಜಾತ್ರೆಗಳಲ್ಲಿ ಮಕ್ಕಳ ಕಣ್ಣಿಗೆ ಹಬ್ಬ ಮಾಡಿ, ಕೆಲವೊಮ್ಮೆ ‘ನಾಟಿ ಮರಿ, ಹೇಂಟೆಯೇ ಜಾಸ್ತಿ’ ಎಂದು ಹೇಳಿ ಹಳ್ಳಿಯ ಬಾಗಿಲಿಗೆ ಬಂದು ಮಾರುವುದುಂಟು. ಐದಾರು ತಿಂಗಳು ರಾಗಿ, ನುಚ್ಚು ಹಾಕಿ, ಹದ್ದು ಮುಂಗುಸಿಗಳಿಂದ ಕಾಪಾಡಿ ಬೆಳೆಸಿದ ಮೇಲೆ ಎಲ್ಲವೂ ಕೂಗತೊಡಗಿದಾಗ ನಿಜ ತಿಳಿಯುತ್ತದೆ. ಅಷ್ಟರಲ್ಲಿ ಬುಟ್ಟಿಯವನು ಯಾವ ಊರಿನವನೆಂಬುದೂ ಮರೆತಿರುತ್ತದೆ.

ಕಣ್ಣಾರೆ ಕಾಣುವ ಪ್ರತ್ಯಕ್ಷವೂ ಗುರುತಿನಿಂದ ಊಹಿಸುವ ಅನುಮಾನವೂ ಕೈಬಿಟ್ಟ ಮೇಲೆ ಉಳಿಯುವುದು ಶಬ್ದ. ಶಬ್ದಪ್ರಮಾಣವೆಂದರೆ ಬಲ್ಲವನ ಮಾತಿನಿಂದ ದೊರೆಯುವ ಅರಿವು, ಆ ಬಲ್ಲವನಿಗೆ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇಟ್ಟ ಹೆಸರು ಆಪ್ತ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನು ಆಪ್ತನಿಗೆ ಎರಡೇ ಲಕ್ಷಣ ಹೇಳುತ್ತಾನೆ: ಅವನು ವಿಷಯವನ್ನು ತಾನೇ ನೇರವಾಗಿ ಕಂಡಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುವ ಮಾತು ಭಾರತೀಯ ಚಿಂತನೆಯ ಉದಾರವಾದ ಗಳಿಗೆಗಳಲ್ಲಿ ಒಂದು. ಕೋಳಿಮರಿಯ ವ್ಯಾಪಾರದಲ್ಲಿ ಆ ಮರಿಯ ತಂದೆತಾಯಿಗಳನ್ನು ಕಂಡವನು ಹ್ಯಾಚರಿಯವನೊಬ್ಬನೇ. ಆದ್ದರಿಂದ ಆಪ್ತನ ಸ್ಥಾನದಲ್ಲಿ ಅವನು ಬಯಸದಿದ್ದರೂ ನಿಂತಿರುತ್ತಾನೆ. ಅವನು ಆ ಸ್ಥಾನದಿಂದ ಜಾರುವುದಕ್ಕೆ ಶಾಸ್ತ್ರವು ನಾಲ್ಕು ದಾರಿಗಳನ್ನು ಗುರುತಿಸಿದೆ. ಭ್ರಮ, ಪ್ರಮಾದ, ವಿಪ್ರಲಿಪ್ಸೆ, ಕರಣಾಪಾಟವ ಎಂಬ ಈ ನಾಲ್ಕು ಮನುಷ್ಯನ ಮಾತಿಗೆ ತಗಲುವ ದೋಷಗಳು.

ಈ ನಾಲ್ಕನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಮೋಸಹೋದವರ ಸಿಟ್ಟು ನಾಲ್ಕನ್ನೂ ಒಂದೇ ಎಂದು ಬಗೆಯುತ್ತದೆ. ಹಳ್ಳಿಗಳಿಂದ ಮೊಟ್ಟೆ ಕೂಡಿಸಿ ತಂದ ದಲ್ಲಾಳಿಯ ಮಾತು ನಂಬಿ, ಅವು ನಾಟಿ ಮೊಟ್ಟೆಗಳೆಂದೇ ತಿಳಿದು ಕಾವಿಗಿಟ್ಟ ಹ್ಯಾಚರಿಯವನದು ಭ್ರಮ. ಅವನು ತಪ್ಪಾಗಿ ತಿಳಿದಿದ್ದಾನೆ, ತಿಳಿದದ್ದನ್ನೇ ಹೇಳಿದ್ದಾನೆ. ಮರಿ ಇಳಿಸುವ ದಿನ ಎರಡು ಟ್ರೇಗಳು ಬೆರೆತುಹೋದರೂ ಗಮನಿಸದೆ ರಟ್ಟಿನ ಪೆಟ್ಟಿಗೆಗೆ ತುಂಬಿಸಿದವನದು ಪ್ರಮಾದ, ಅಂದರೆ ಅಜಾಗ್ರತೆ. ಕರಣಾಪಾಟವವೆಂದರೆ ಸಾಧನಗಳ ಅಸಾಮರ್ಥ್ಯ. ಯಾವ ಹುಂಜದ ಜೊತೆ ಯಾವ ಹೇಂಟೆಯನ್ನು ಬಿಟ್ಟಿತ್ತು ಎಂಬ ಲೆಕ್ಕದ ಪುಸ್ತಕವೇ ಇಲ್ಲದ, ಇದ್ದರೂ ಎಲ್ಲವನ್ನೂ ಒಂದೇ ಅಂಗಳದಲ್ಲಿ ಸಾಕುವ ಚಿಕ್ಕ ಹ್ಯಾಚರಿ ನಿಜ ಹೇಳಬೇಕೆಂದು ಬಯಸಿದರೂ ಹೇಳಲಾರದು. ವಿಪ್ರಲಿಪ್ಸೆಯೊಂದೇ ನೇರವಾದ ವಂಚನೆಯ ಇಚ್ಛೆ. ಈ ವಿಂಗಡಣೆಯಿಂದ ಮೊದಲ ಮೂವರು ಪಾರಾಗುತ್ತಾರೆಂದು ತಿಳಿಯಬಾರದು. ಆಪ್ತನ ಮೊದಲ ಲಕ್ಷಣವೇ ತಾನು ಕಂಡಿರಬೇಕೆಂಬುದು. ಕಾಣದ್ದನ್ನು ಕಂಡವನ ಧ್ವನಿಯಲ್ಲಿ ಹೇಳಿದಾಗ, ಮೋಸದ ಇಚ್ಛೆ ಇಲ್ಲದಿದ್ದರೂ ಆ ಧ್ವನಿಯೇ ಸುಳ್ಳು. ‘ಇವು ಇಂಥ ಊರಿನಿಂದ ಕೂಡಿಸಿದ ಮೊಟ್ಟೆಯ ಮರಿಗಳು, ತಂದೆತಾಯಿ ಗೊತ್ತಿಲ್ಲ’ ಎಂದು ಹೇಳಿ ಮಾರುವ ದಾರಿ ಯಾವ ಹ್ಯಾಚರಿಗೂ ಮುಚ್ಚಿಲ್ಲ. ಹಾಗೆ ಹೇಳಿದವನ ಮರಿಗೆ ಬೆಲೆ ಕೊಂಚ ಕಡಿಮೆ ಬಂದೀತು. ಅವನ ಮಾತಿನ ಪ್ರಾಮಾಣ್ಯ ಮಾತ್ರ ಎಲ್ಲಿಯೂ ಕುಂದುವುದಿಲ್ಲ.

ತಳಿಯ ಹೆಸರು ಹೇಳುವ ಸಂಗತಿ ಯಾವುದೆಂಬುದನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ, ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳು ಮೇಯಿಸುವ ಯಾವ ಮನೆಯವರಿಗೂ ಬಿತ್ತನೆ ಗೂಡು ಬೇರೆ, ನೂಲು ತೆಗೆಯುವ ಗೂಡು ಬೇರೆ ಎಂಬುದು ಗೊತ್ತು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಮೊಟ್ಟೆಯಿಂದ ಒಳ್ಳೆಯ ಹಳದಿ ಗೂಡು ಬರುತ್ತದೆ, ಆದರೆ ಆ ಗೂಡಿನಿಂದ ಹೊರಬಂದ ಚಿಟ್ಟೆಯ ಮೊಟ್ಟೆಯನ್ನು ಮತ್ತೆ ಬೆಳೆಗೆ ಹಿಡಿದರೆ ಗುಣ ಚದುರಿಹೋಗುತ್ತದೆ. ಅದಕ್ಕೆಂದೇ ಮೂಲ ಮೈಸೂರು ತಳಿಯನ್ನು ಕುಣಿಗಲ್, ಮಾಗಡಿ ಕಡೆಯ ಬಿತ್ತನೆ ಪ್ರದೇಶದಲ್ಲಿ ಬೇರೆಯಾಗಿ ಉಳಿಸಿಕೊಂಡು ಬರಲಾಗಿದೆ. ಬಿತ್ತನೆ, ಗೂಡು, ನೂಲು ಮೂರಕ್ಕೂ ಅನ್ವಯವಾಗುವ ರಾಜ್ಯದ ಕಾಯ್ದೆ 1959ರಿಂದಲೇ ಇದೆ. ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗರಹಿತವೆಂದು ತಿಳಿದ ಮೊಟ್ಟೆಯನ್ನಷ್ಟೇ ರೈತರಿಗೆ ಕೊಡುವುದು ಇಲ್ಲಿ ಪದ್ಧತಿ. ಇದರ ಹಿಂದಿರುವ ತಿಳಿವಳಿಕೆ ಇಷ್ಟು: ತಳಿಯ ಹೆಸರು ಎದುರಿಗಿರುವ ಹುಳುವಿನ ಬಣ್ಣದ ವರ್ಣನೆಯಲ್ಲ, ಅದು ಹಿಂದೆ ಯಾರೊಡನೆ ಯಾರು ಕೂಡಿದರು ಎಂಬುದರ ಸಾಕ್ಷ್ಯ ಮತ್ತು ಮುಂದೆ ಹುಟ್ಟುವವು ಹೇಗಿರುತ್ತವೆ ಎಂಬುದರ ಭರವಸೆ. ಗಿರಿರಾಜದ ವಿಷಯದಲ್ಲೂ ಇದೇ ನಿಜ. ಅದು ವರ್ಷಕ್ಕೆ 130ರಿಂದ 150ರಷ್ಟು ಮೊಟ್ಟೆಯಿಡಬಹುದು, ಊರ ನಾಟಿ ಹೇಂಟೆ 50ರಿಂದ 80ಕ್ಕೆ ನಿಲ್ಲಬಹುದು. ಆದರೆ ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟೊಡನೆ ಮಂಕರಿಯ ಹುಲ್ಲಿನ ಮೇಲೆ ಮೈಯುಬ್ಬಿಸಿ ಕಾವಿಗೆ ಕೂರುತ್ತದೆ, ಹತ್ತಿರ ಬಂದ ಕೈಯನ್ನು ಕುಕ್ಕುತ್ತದೆ, ಮೇವು ನೀರಿಗೆ ಗಳಿಗೆ ಹೊತ್ತು ಎದ್ದು ಮತ್ತೆ ಓಡಿಬಂದು ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ ಕೂರುತ್ತದೆ. ಹೆಚ್ಚು ಮೊಟ್ಟೆಗಾಗಿ ಆಯ್ದು ಬೆಳೆಸಿದ ಕೋಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಕಳೆದುಹೋಗಿದೆ. ನಾಟಿ ಎಂದು ಹೇಳಿ ಕಾವು ಕೂರದ ಕೋಳಿಯನ್ನು ಕೊಟ್ಟವನು ಒಂದು ಕೋಳಿಯನ್ನಷ್ಟೇ ತಪ್ಪಾಗಿ ಕೊಟ್ಟಿಲ್ಲ. ಆ ಮನೆಗೆ ಮುಂದೆ ತಾನಾಗಿ ಬರಬೇಕಿದ್ದ ಹಿಂಡನ್ನೇ ತಡೆದು, ಪ್ರತಿ ವರ್ಷ ಮರಿಗಾಗಿ ಬುಟ್ಟಿಯವನ ದಾರಿ ಕಾಯುವಂತೆ ಮಾಡಿದ್ದಾನೆ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿ ತೆಲುಗು, ಕನ್ನಡಗಳೆರಡರಲ್ಲೂ ಹಾಡಿದ ಯೋಗಿ ನಾರೇಯಣ ತಾತಯ್ಯನವರು ಮೊದಲು ಬಳೆ ಮಾರುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಬಳೆಗಾರನೂ ಮರಿ ಮಾರುವವನಂತೆ ಹೊರೆ ಹೊತ್ತು ಮನೆಬಾಗಿಲಿಗೆ ಬರುವವನೇ. ಆದರೆ ಬಳೆಯ ಬಣ್ಣ, ಅಳತೆ, ಗಟ್ಟಿತನ ಕೈಗೆ ತೊಡಿಸಿದ ಕ್ಷಣವೇ ತಿಳಿಯುತ್ತದೆ. ಮರಿಯ ನಿಜ ತಿಳಿಯಲು ಅರ್ಧ ವರ್ಷ ಬೇಕು. ವಸ್ತುವಿನ ನಿಜ ಹೊರಬೀಳಲು ಎಷ್ಟು ಹೆಚ್ಚು ಕಾಲ ಹಿಡಿಯುತ್ತದೋ ಮಾರುವವನ ಮಾತಿನ ಮೇಲೆ ಅಷ್ಟು ಹೆಚ್ಚು ಭಾರ ಬೀಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿನ ಗುಣಮಟ್ಟ, ಬಗೆಗಳ ಬಗ್ಗೆ ಸುಳ್ಳು ಹೇಳುವುದನ್ನು ಅನುಚಿತ ವ್ಯಾಪಾರವೆಂದು ಪರಿಗಣಿಸುತ್ತದೆ ನಿಜ. ರಸೀದಿಯಿಲ್ಲದೆ ಬುಟ್ಟಿಯಿಂದ ಸೆರಗಿಗೆ ಬಿದ್ದ ಹತ್ತು ಮರಿಗಳಿಗೆ ಆ ಕಾಯ್ದೆ ನೆರವಾಗುವುದು ಕಷ್ಟ.

ಇಲ್ಲಿ ಒಂದು ಅಪಾಯವನ್ನು ಎದುರಿಸಲೇಬೇಕು. ಜಾತಿ ಎಂಬ ಒಂದೇ ಪದ ಕನ್ನಡದಲ್ಲಿ ತರ್ಕದ ಸಾಮಾನ್ಯ ಧರ್ಮವನ್ನೂ ಪ್ರಾಣಿಯ ತಳಿಯನ್ನೂ ಮನುಷ್ಯರನ್ನು ಮೇಲು ಕೀಳೆಂದು ಒಡೆದ ವ್ಯವಸ್ಥೆಯನ್ನೂ ಹೇಳುತ್ತದೆ. ಜಾತಿನಾಯಿ, ಜಾತಿಕುದುರೆ ಎಂಬ ಹೊಗಳಿಕೆಯಲ್ಲೂ ಸಂಕರ ಎಂಬ ಪದಕ್ಕೆ ಹಳೆಯ ಗ್ರಂಥಗಳಲ್ಲಿ ಅಂಟಿದ ಭಯದಲ್ಲೂ ಈ ಮೂರು ಅರ್ಥಗಳು ಒಂದರೊಳಗೊಂದು ಸೇರಿಹೋಗಿವೆ. ಶುದ್ಧ ನಾಟಿಗಾಗಿ ನಡೆಯುವ ಹುಡುಕಾಟವು ಈ ದಾರಿಗೆ ಇಳಿದರೆ ಅದು ಸತ್ಯದ ಹುಡುಕಾಟವಾಗಿ ಉಳಿಯದು. ಕೋಳಿಯ ಚರಿತ್ರೆಯೇ ಶುದ್ಧತೆಯ ಹೆಮ್ಮೆಯನ್ನು ಮುರಿಯುತ್ತದೆ: ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ನಾಟಿಯ ಗುರುತೆಂದು ಜನ ಹುಡುಕುವ ಹಳದಿ ಚರ್ಮದ ಗುಣ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬೆರೆತು ಬಂದದ್ದೆಂದು 2008ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ತೋರಿಸಿತು; ಆ ಹಳದಿ ಇಂದು ಲೋಕದ ಎಷ್ಟೋ ಫಾರಂ ಕೋಳಿಗಳ ಚರ್ಮದಲ್ಲೂ ಇದೆ. ಶುದ್ಧತೆಗೆ ಸಾಕ್ಷಿಯೆಂದು ಹಿಡಿದ ಗುರುತೇ ಬೆರಕೆಯ ಗುರುತು. ಗಿರಿರಾಜವು ನಾಟಿಗಿಂತ ಕೀಳಲ್ಲ; ಬಡ ಮನೆಯ ತಟ್ಟೆಗೆ ಮೊಟ್ಟೆ ತಂದ ಆ ಕೋಳಿಯನ್ನು ರೂಪಿಸಿದವರ ಶ್ರಮ ಗೌರವಕ್ಕೆ ಅರ್ಹವಾದದ್ದು. ಕೂಡಿಸುವುದರಲ್ಲಿ ದೋಷವಿಲ್ಲ, ಕೂಡಿಸಿದ್ದನ್ನು ಕೂಡಿಸಿಲ್ಲವೆಂದು ಹೇಳುವುದರಲ್ಲಿ ದೋಷವಿದೆ. ಗಿರಿರಾಜವನ್ನು ನಾಟಿಯೆಂದು ಮಾರಿದಾಗ ನಾಟಿಗೆ ಎಷ್ಟು ಅನ್ಯಾಯವೋ ಗಿರಿರಾಜಕ್ಕೂ ಅಷ್ಟೇ ಅನ್ಯಾಯ, ಅದರ ಒಳ್ಳೆಯ ಗುಣ ಬೇರೊಂದರ ಹೆಸರಿಗೆ ಜಮೆಯಾಗುತ್ತದೆ.

ಹರಕೆಯ ಪ್ರಶ್ನೆ ಇನ್ನೂ ಆಳದ್ದು. ಈ ಹಳ್ಳಿಗಳಲ್ಲಿ ಗಂಗಮ್ಮ, ಮಾರಮ್ಮ, ಮುನೇಶ್ವರರಿಗೆ ತಂಬಿಟ್ಟಿನ ದೀಪ ಹೊತ್ತು ನಡೆಯುವ ದಿನ ನಾಟಿ ಹುಂಜವೇ ಬೇಕೆಂಬುದು ರೂಢಿ, ಬಾಯ್ಲರ್ ಕೋಳಿ ಅದಕ್ಕೆ ಸಲ್ಲದು. ದೇವಾಲಯದ ಆವರಣದಲ್ಲಿ ಬಲಿ ಕೊಡುವುದನ್ನು ರಾಜ್ಯದ ಕಾಯ್ದೆ ಅದೇ 1959ರಿಂದ ನಿಷೇಧಿಸಿದೆ. ಆ ನಿಷೇಧದ ಹಿಂದಿನ ಕರುಣೆಯನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಇಲ್ಲಿರುವ ಪ್ರಶ್ನೆ ಸಂಕಲ್ಪದ್ದು: ನಾಟಿಯೆಂದು ನಂಬಿ ತಂದು ಒಪ್ಪಿಸಿದ ಹುಂಜ ನಾಟಿಯಲ್ಲದಿದ್ದರೆ ಹರಕೆ ತೀರಿತೇ? ಯಜ್ಞದ ದ್ರವ್ಯ ಸಿಗದಿದ್ದಾಗ ಅದಕ್ಕೆ ಹತ್ತಿರವಾದ ಬೇರೊಂದನ್ನು ತೆಗೆದುಕೊಳ್ಳುವುದನ್ನು ವೇದದ ಕರ್ಮವಿಧಿಗಳನ್ನು ವಿಚಾರಿಸುವ ಮೀಮಾಂಸಕರು ಪ್ರತಿನಿಧಿ ಎಂದು ಕರೆದು, ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಸ್ತಾರ ವಿಚಾರ ನಡೆಸಿದ್ದಾರೆ. ಭತ್ತವಿಲ್ಲದಿದ್ದರೆ ಕಾಡುಭತ್ತವಾದ ನೀವಾರ ಬರಬಹುದು, ಸೋಮವಿಲ್ಲದಿದ್ದರೆ ಪೂತೀಕವೆಂಬ ಬಳ್ಳಿ ಬರಬಹುದು. ಆದರೆ ಹೆಸರುಕಾಳಿಗೆ ಬದಲು ಉದ್ದು ಬರುವಂತಿಲ್ಲ, ನೋಡಲು ಎಷ್ಟೇ ಹೋಲಿದರೂ ಅದು ಯಜ್ಞಕ್ಕೆ ಸಲ್ಲದೆಂದು ನಿಷಿದ್ಧ. ಈ ವಿಚಾರದ ಜೀವಾಳವೆಂದರೆ ಪ್ರತಿನಿಧಿಯನ್ನು ತರುವವನಿಗೆ ತಾನು ತಂದದ್ದು ಬದಲಿಯೆಂಬ ಅರಿವಿರುವುದು. ನಾಟಿ ಸಿಗಲಿಲ್ಲ, ಗಿರಿರಾಜ ತಂದಿದ್ದೇವೆ, ಒಪ್ಪಿಸಿಕೊಳ್ಳಮ್ಮ ಎಂದು ಬೇಡಿಕೊಂಡವರ ಹರಕೆಗೆ ಶಾಸ್ತ್ರದಲ್ಲಿ ದಾರಿಯಿದೆ. ನಾಟಿಯೆಂದೇ ನಂಬಿಸಲ್ಪಟ್ಟವರಿಗೆ ಹಾಗೆ ಬೇಡುವ ಅವಕಾಶವನ್ನೇ ಮಾರಿದವನು ಕಸಿದುಕೊಂಡಿದ್ದಾನೆ.

ಸಂಕಲ್ಪಕ್ಕೂ ವಸ್ತುವಿಗೂ ಇರುವ ಈ ನಂಟನ್ನು ಕನ್ನಡದಲ್ಲಿ ಕವಿ ಜನ್ನನಷ್ಟು ತೀಕ್ಷ್ಣವಾಗಿ ಕಂಡವರು ಕಡಿಮೆ. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವದ ಕೋಳಿಯನ್ನು ಕೊಲ್ಲಲಾರದೆ, ಹಿಟ್ಟಿನ ಹುಂಜವೊಂದನ್ನು ಮಾರಿಗೆ ಬಲಿ ಕೊಡುತ್ತಾನೆ, ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ, ಸಂಕಲ್ಪದಿಂದಲೇ ಕೊಂದ ಪಾಪ ತಾಯಿಮಗನನ್ನು ಜನ್ಮಜನ್ಮಾಂತರಕ್ಕೆ ಎಳೆದೊಯ್ಯುತ್ತದೆ. ಅಲ್ಲಿ ಹುಂಜ ಹಿಟ್ಟಿನದೆಂದು ಎಲ್ಲರಿಗೂ ಗೊತ್ತಿತ್ತು, ಕೊಲ್ಲುವ ಮನಸ್ಸು ಮಾತ್ರ ನಿಜದ್ದಾಗಿತ್ತು. ಇಲ್ಲಿ ಒಪ್ಪಿಸುವ ಮನಸ್ಸು ನಿಜದ್ದು, ಹುಂಜದ ಹೆಸರು ಹಿಟ್ಟಿನದು. ಮನಸ್ಸೇ ಕರ್ಮವನ್ನು ನಿರ್ಧರಿಸುವುದೆಂದು ಜನ್ನನ ಕಥೆಯಿಂದ ಕಲಿತವರು ಹರಕೆ ಹೊತ್ತ ಕುಟುಂಬವನ್ನು ದೋಷಮುಕ್ತವೆಂದೇ ಹೇಳಬೇಕಾಗುತ್ತದೆ. ಆಗ ಪೂರ್ಣ ದೋಷ ಹೆಸರು ಕೊಟ್ಟವನ ಸಂಕಲ್ಪಕ್ಕೆ ಹೋಗಿ ನಿಲ್ಲುತ್ತದೆ.

ಆ ದೋಷ ಯಾವುದು? ಸುಳ್ಳಾಡಿದ್ದೇ ಎಂದು ಯಾರಾದರೂ ಹೇಳಿಯಾರು. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಬೇರೆಯೇ ಉತ್ತರ ಕೊಡುತ್ತದೆ. ಗೃಹಸ್ಥನು ಪಾಲಿಸಬೇಕಾದ ವ್ರತಗಳಿಗೆ ಅತಿಚಾರಗಳನ್ನು, ಅಂದರೆ ವ್ರತ ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಲೆ ಹಚ್ಚುವ ನಡತೆಗಳನ್ನು, ಎಣಿಸುವಾಗ ಆ ಗ್ರಂಥವು ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದನ್ನು ಹೋಲುವ ಇನ್ನೊಂದನ್ನು ಅದೇ ಎಂದು ಕೊಟ್ಟು ವ್ಯಾಪಾರ ಮಾಡುವುದನ್ನು, ಸತ್ಯವ್ರತದ ಕೆಳಗೆ ಇಡದೆ ಅಸ್ತೇಯದ ಕೆಳಗೆ, ಕಳ್ಳತನ ಮಾಡದಿರುವ ವ್ರತದ ಕೆಳಗೆ, ಕಳ್ಳಮಾಲು ಕೊಳ್ಳುವುದರ ಮತ್ತು ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದರ ಜೊತೆಗೆ ಇಟ್ಟಿದೆ. ಈ ವಿಂಗಡಣೆಯಲ್ಲಿ ದೊಡ್ಡ ವಿವೇಕವಿದೆ. ಸುಳ್ಳೆಂದು ಎಣಿಸಿದರೆ ಕೇಡು ಆಡಿದವನ ನಾಲಗೆಯಲ್ಲೇ ಉಳಿದುಬಿಡುತ್ತದೆ. ಕಳವೆಂದು ಎಣಿಸಿದರೆ ಯಾರದೋ ಏನೋ ಹೋಗಿದೆ, ಅದನ್ನು ಹಿಂದಿರುಗಿಸಬೇಕು ಎಂಬ ಹೊಣೆ ಏಳುತ್ತದೆ. ಕದ್ದದ್ದು ಹೆಚ್ಚಿಗೆ ತೆಗೆದುಕೊಂಡ ಹಣವೊಂದನ್ನೇ ಅಲ್ಲ. ಆರು ತಿಂಗಳ ಮೇವು, ಬಾರದೆ ಹೋದ ಮರಿಗಳು, ಒಪ್ಪಿಸಲಾಗದೆ ಹೋದ ಹರಕೆ ಅದರಲ್ಲಿ ಸೇರಿವೆ. ಪಕ್ಕದ ಮನೆಯಲ್ಲಿ ನಿಜವಾದ ನಾಟಿ ಮರಿ ಮಾರುವ ಹೆಂಗಸಿನ ಮಾತನ್ನೂ ಇನ್ನು ಮೇಲೆ ಯಾರೂ ನಂಬದಂತೆ ಆದುದೂ ಸೇರಿದೆ. ಭ್ರಮದಿಂದಲೋ ಅಜಾಗ್ರತೆಯಿಂದಲೋ ತಪ್ಪು ಹೆಸರು ಹೇಳಿದ ಹ್ಯಾಚರಿಯೂ ಈ ಹಿಂದಿರುಗಿಸುವ ಹೊಣೆಯಿಂದ ಹೊರಗಿಲ್ಲ, ಏಕೆಂದರೆ ಅರಿಯದೆ ಕೈಗೆ ಬಂದ ಪರರ ಸೊತ್ತು ಅರಿತ ಮೇಲೂ ಕೈಯಲ್ಲೇ ಉಳಿದರೆ ಅದು ಕಳವೇ ಆಗುತ್ತದೆ.

ಹರಕೆಯಲ್ಲಿ ಅರಿಯದೆ ಲೋಪವಾದಾಗ ಈ ಊರುಗಳಲ್ಲಿ ತಪ್ಪು ಕಾಣಿಕೆ ಸಲ್ಲಿಸುವ ರೂಢಿಯಿದೆ. ಮನೆಯ ಹಿರಿಯಳು ಅರಿಶಿನದ ಬಟ್ಟೆಯ ಚೂರಿನಲ್ಲಿ ನಾಣ್ಯವೊಂದನ್ನು ಕಟ್ಟಿ ದೇವರ ಗೂಡಿನಲ್ಲಿಟ್ಟು, ಮುಂದಿನ ಹಬ್ಬಕ್ಕೆ ಒಯ್ದು ಅಮ್ಮನ ಹುಂಡಿಗೆ ಹಾಕಿ, ತಿಳಿಯದೆ ಆಯಿತು ಎಂದು ಕೆನ್ನೆ ತಟ್ಟಿಕೊಳ್ಳುತ್ತಾಳೆ. ತಂದ ಹುಂಜ ನಾಟಿಯಲ್ಲವೆಂದು ತಿಳಿದ ಮನೆಯಲ್ಲಿ ಆ ನಾಣ್ಯವನ್ನು ಕಟ್ಟುವವಳು ಇಂದಿಗೂ ಕೊಂಡವಳೇ.